ದೇವಿಯ ಬಲ

ನನ್ನ ಗಂಡ ದೇವಿಯನ್ನು ಒಂದು ಮಾತು ಕೇಳಬೇಕೆಂದು ಬಾಯಿಬಿಟ್ಟಾಗ ನಾನು ಚಹಾ ಕುದಿಸುತ್ತಿದ್ದೆ. ಚಹಾ ಉಕ್ಕಿತು, ಗ್ಯಾಸು ಆರಿತು, ನಾನು ನಿಂತಲ್ಲಿಂದ ಕದಲಲಿಲ್ಲ. ಅಷ್ಟು ರುಚಿಯಾದ ಮಾತು ಅದುವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ. ಇನ್ನೊಮ್ಮೆ ಕೇಳಬೇಕೆನಿಸಿ, ಏನಂದ್ರಿ ಎಂದೆ.

ಎರಡನೆಯ ಸಲ ನೇರವಾಗಿ ಹೇಳದೆ ಸುತ್ತಿ ಬಳಸಿ ಬಂದರು. ನಿಮ್ಮೂರ ಗುಡಿಯಲ್ಲಿ ಈಗಲೂ ಕೌಲು ಹಚ್ಚುತ್ತಾರೇನು ಎಂದರು. ಹಚ್ಚುತ್ತಾರೆ, ನಿಮಗ್ಯಾಕೆ ಎಂದೆ. ಸುಮ್ಮನೆ ಕೇಳಿದೆ ಎಂದರು. ಸುಮ್ಮನೆ ಕೇಳಿದವರ ಮುಂದೆ ಚಹಾ ಇಟ್ಟು ನಾನೂ ಸುಮ್ಮನೆ ಕೂತೆ. ಆರಿದ ಚಹಾದ ಬಟ್ಟಲನ್ನು ತಿರುಗಿಸುತ್ತ ತಿರುಗಿಸುತ್ತ, ಕಡೆಗೆ ನೆಲ ನೋಡಿಕೊಂಡು ಹೇಳಿದರು.

"ನನ್ನ ಸಲವಾಗಿ ಒಮ್ಮೆ ಕೇಳಸ್ತೀಯೇನ?"

ಇದರ ರುಚಿ ತಿಳಿಯಬೇಕಾದರೆ ಇವರು ಯಾರೆಂದು ಹೇಳಬೇಕು. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಾಗಿ ನಿವೃತ್ತರಾದವರು. ದೇವರು ಇಲ್ಲ ಎನ್ನುವವರು, ಬರೀ ಎನ್ನುವವರಲ್ಲ, ಊರೂರು ತಿರುಗಿ ಸಾಬೀತು ಮಾಡುವವರು. ನಿಪ್ಪಾಣಿ, ಅಥಣಿ, ಕಾಗವಾಡ, ಕುಡಚಿ, ಎಲ್ಲಿ ಶಾಲೆಯಲ್ಲಿ ಕಾರ್ಯಕ್ರಮವಿದ್ದರೂ ಇವರನ್ನು ಕರೆಯುತ್ತಿದ್ದರು. ನಾಲಿಗೆಯ ಮೇಲೆ ಕರ್ಪೂರ ಉರಿಸುವುದು, ಅರಿಸಿನದ ನೀರಿಗೆ ಸುಣ್ಣ ಬೆರೆಸಿ ರಕ್ತ ಮಾಡಿ ತೋರಿಸುವುದು, ಮಕ್ಕಳಿಂದ ಚಪ್ಪಾಳೆ ಹೊಡೆಸಿಕೊಳ್ಳುವುದು. ಒಳ್ಳೆಯ ಕೆಲಸವೇ. ಇವರ ಮಾತು ಕೇಳಿ ಮಗುವಿನ ಹಾವು ಕಡಿತಕ್ಕೆ ಮಂತ್ರ ಹಾಕಿಸುವುದು ಬಿಟ್ಟು ಆಸ್ಪತ್ರೆಗೆ ಓಡಿದವರು ಇದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಮನೆಯಲ್ಲಿ ದೇವರ ಮಾಡ, ಗೂಡು ಎಂಬುದು ಇರಲಿಲ್ಲ. ನನ್ನ ತವರಿನ ದೇವಿಯ ಒಂದು ಚಿಕ್ಕ ಫೋಟೋ ಹಿಟ್ಟಿನ ಡಬ್ಬಿ ಇಡುವ ಕಪಾಟಿನ ಬಾಗಿಲಿಗೆ ಒಳಗಿನಿಂದ ಅಂಟಿಸಿದ್ದೆ. ಇವರು ಆ ಕಪಾಟು ತೆರೆದವರೇ ಅಲ್ಲ, ಆದ್ದರಿಂದ ಅವಳು ಉಳಿದುಕೊಂಡಿದ್ದಳು.

ಹೋದ ವರ್ಷ ಇವರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿಯತೊಡಗಿತು. ಮಿರಜಿಗೆ ಹೋದೆವು. ರಕ್ತನಾಳ ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡುವುದೇ ಸರಿ ಎಂದರು ಅಲ್ಲಿಯ ಡಾಕ್ಟರು. ಬೆಳಗಾವಿಗೆ ಹೋದೆವು. ಗುಳಿಗೆ, ನಡಿಗೆ, ಪಥ್ಯದಲ್ಲಿ ಸಾಗಿಸಬಹುದು, ಅವಸರ ಬೇಡ ಎಂದರು ಅಲ್ಲಿಯವರು. ಇಬ್ಬರೂ ಹಾಳೆಯ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರು. ಇಬ್ಬರೂ ಕಡೆಗೆ ಒಂದೇ ಮಾತು ಹೇಳಿದರು: ನಿರ್ಧಾರ ನಿಮ್ಮದು. ಮಿರಜಿನವರು ಆಪರೇಷನ್ನಿಗೆ ದಿನ ಹಿಡಿದಿಟ್ಟು, ಗುರುವಾರದೊಳಗೆ ಬರುತ್ತೀರೋ ಇಲ್ಲವೋ ತಿಳಿಸಿ ಎಂದಿದ್ದರು.

ಆ "ನಿರ್ಧಾರ ನಿಮ್ಮದು" ಎಂಬುದು ಇವರನ್ನು ಒಳಗಿನಿಂದ ತಿಂದಿತು. ಇಡೀ ದಿನ ಮೊಬೈಲಿನಲ್ಲಿ ಓದುತ್ತಿದ್ದರು. ಬೆಳಿಗ್ಗೆ ಆಪರೇಷನ್ ಎನ್ನುವರು, ಸಂಜೆಗೆ ಗುಳಿಗೆ ಎನ್ನುವರು. ಜೀವನವಿಡೀ ಎದುರಿನವರನ್ನು ವಾದದಲ್ಲಿ ಸೋಲಿಸಿದ ಮನುಷ್ಯ, ಈಗ ಎರಡೂ ಕಡೆಯಿಂದ ತಾನೇ ವಾದ ಮಾಡಿ ಎರಡೂ ಕಡೆ ತಾನೇ ಸೋಲುತ್ತಿದ್ದರು. ಇಂಥವರಿಗೆ ದೇವರು ಬೇಕಾಗುವುದು ಯಾಕೆಂದು ನನಗೆ ಆಗ ತಿಳಿಯಿತು. ಗುಣವಾಗಲಿ ಎಂದಲ್ಲ. ಅದಕ್ಕೆ ಡಾಕ್ಟರು ಇದ್ದಾರೆಂದು ಇವರಿಗೂ ಗೊತ್ತು. ತಿರುಗಿ ವಾದ ಮಾಡಲಾಗದ ಒಬ್ಬರು ಯಾರಾದರೂ ಮಾಡು ಎನ್ನಬೇಕು, ಇಲ್ಲವೇ ಬೇಡ ಎನ್ನಬೇಕು. ಕಲ್ಲಿನ ಜೊತೆ ವಾದ ಮಾಡಲಾಗುವುದಿಲ್ಲ. ಇವರಿಗೆ ಬೇಕಾದದ್ದು ಆ ಕಲ್ಲು.

ಕೌಲು ಎಂದರೆ ಇಷ್ಟು. ನನ್ನ ತವರು ರಾಯಬಾಗ ತಾಲ್ಲೂಕಿನಲ್ಲಿ, ಪಾಲಬಾವಿಯ ಹತ್ತಿರ. ಅಲ್ಲಿಯ ದೇವಿಯ ಕಲ್ಲಿನ ಮೂರ್ತಿಯ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಎದುರು ನಿಲ್ಲಬೇಕು. ಬಲಭುಜದ ಹೂ ಮೊದಲು ಬಿದ್ದರೆ ಹೂಂ, ಮಾಡು. ಎಡಭುಜದ್ದು ಬಿದ್ದರೆ ಬೇಡ. ಪೂಜಾರಿ ಏನೂ ಹೇಳುವುದಿಲ್ಲ, ಬಿದ್ದ ಹೂವನ್ನು ನಮ್ಮ ಕೈಗೆ ಕೊಟ್ಟು ಮುಂದಿನವರನ್ನು ಕರೆಯುತ್ತಾನೆ. ಹೊರಗಿನವರಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಒಂದಿದೆ. ಬಲ ಎಂದರೆ ದೇವಿಯ ಬಲ. ಎದುರು ನಿಂತ ನಮಗೆ ಅದು ಎಡಗೈ ಕಡೆ. ನಮ್ಮ ಓಣಿಯಲ್ಲಿ ಮೂಗು ಸುರಿಸುವ ಕೂಸಿಗೂ ಇದು ಗೊತ್ತು. ಎಲ್ಲರಿಗೂ ಗೊತ್ತಿರುವುದರಿಂದಲೇ ಯಾರೂ ಹೇಳುವುದಿಲ್ಲ. ಆ ಗುಡಿಯೊಳಗೆ ನಮ್ಮ ಬಲ, ನಮ್ಮ ಎಡ ಎಂಬುದು ಇಲ್ಲವೇ ಇಲ್ಲ.

ಈಗ ನನ್ನ ಅವ್ವನ ವಿಷಯ.

ಅಪ್ಪ ಹೋದ ಮೇಲೆ ಅವ್ವ ನಮ್ಮಲ್ಲೇ ಇದ್ದಳು. ಅವಳಿಗೆ ನಾನೊಬ್ಬಳೇ ಮಗಳು. ಹದಿನೈದು ವರ್ಷದ ಮೇಲಾಯಿತು, ಅವಳ ಗರ್ಭಕೋಶದಲ್ಲಿ ಗಡ್ಡೆ ಎಂದು ಗೊತ್ತಾಯಿತು. ಬೇಗ ತೆಗೆಸಿದರೆ ಬದುಕುತ್ತಾಳೆ ಎಂದು ಮಿರಜಿನಲ್ಲಿ ಹೇಳಿದರು. ಅವ್ವನಿಗೆ ಚಾಕುವಿನ ಭಯ. ಒಲ್ಲೆ ಎನ್ನಲಿಲ್ಲ, ಒಮ್ಮೆ ದೇವಿಯನ್ನು ಕೇಳಿಸಿರಿ, ಅವಳು ಹೂಂ ಅಂದರೆ ನಾಳೆಯೇ ಹೋಗೋಣ ಎಂದಳು. ಅವಳಿಗೆ ವಿಪರೀತ ರಕ್ತ ಹೋಗುತ್ತಿತ್ತು, ನಾನು ಅವಳನ್ನು ಬಿಟ್ಟು ಹೋಗುವಂತಿರಲಿಲ್ಲ. ಓಣಿಯವರನ್ನು ಯಾರನ್ನಾದರೂ ಕಳಿಸುತ್ತೇನೆ ಎಂದರೆ ಅವ್ವ ಒಪ್ಪಲಿಲ್ಲ. ಮಾಸ್ತರು ಹೋಗಲಿ ಎಂದಳು. ಅವರು ದೇವರನ್ನೇ ನಂಬುವುದಿಲ್ಲವಲ್ಲ ಎಂದೆ.

"ನಂಬವರು ನನ್ನ ಮಾರಿ ನೋಡಿ ಸುಳ್ಳ ಹೇಳ್ಯಾರು," ಎಂದಳು ಅವ್ವ. "ಮಾಸ್ತರು ಹೇಳಾಂಗಿಲ್ಲ. ಕಂಡದ್ದಷ್ಟ ಹೇಳ್ತಾರ."

ಇವರು ಮೊದಲು ನಕ್ಕರು. ಆಮೇಲೆ ಮುದುಕಿಯ ಸಮಾಧಾನಕ್ಕೆ ಎಂದು ಒಪ್ಪಿದರು. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಮೋಟಾರ್‌ಸೈಕಲ್ ಹತ್ತಿ ಹೋದವರು ಊಟದ ಹೊತ್ತು ಮೀರಿ ಬಂದರು. ಅವ್ವ ಅಲ್ಲಿಯವರೆಗೆ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಇವರು ಒಂದು ಕೆಂಪು ಕಣಗಿಲ ಹೂವನ್ನು ಅವಳ ಅಂಗೈಯಲ್ಲಿಟ್ಟರು. ಯಾವ ಕಡೆ ಬಿತ್ತು ಎಂದು ಅವಳು ಕೇಳಿದಳು.

ಇವರಿಗೆ ಕ್ಲಾಸಿನಲ್ಲಿ ಒಂದು ಚಟವಿತ್ತು. ಹುಡುಗರು ಬರೀ "ಬಲಕ್ಕೆ" ಎಂದರೆ ಬಿಡುತ್ತಿರಲಿಲ್ಲ. ಯಾರ ಬಲಕ್ಕೆ, ಎಲ್ಲಿ ನಿಂತು ನೋಡಿದರೆ ಬಲಕ್ಕೆ, ಪೂರ್ತಿ ಹೇಳು ಎನ್ನುತ್ತಿದ್ದರು. ಅವ್ವನಿಗೂ ಪೂರ್ತಿ ಹೇಳಿದರು.

"ಬಲಕ್ಕ ಬಿತ್ರಿ ಅತ್ತಿ. ನಾ ಎದರಿಗೆ ನಿಂತಿದ್ನೆಲ್ಲ, ನನ್ನ ಬಲಗೈ ಕಡೆ. ಕಣ್ಣಾರೆ ನೋಡೀನಿ."

ಅವ್ವ ಇವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಹೂವಿನ ಮೇಲೆ ಬೆರಳು ಮಡಚಿ, "ಆತು ಬಿಡ್ರಿ" ಎಂದು ಗೋಡೆಯ ಕಡೆ ಹೊರಳಿದಳು. ಇವರು ಮುದುಕಿಗೆ ಸಮಾಧಾನವಾಯಿತು ಎಂದುಕೊಂಡು ಕೈಕಾಲು ತೊಳೆಯಲು ಹೋದರು.

ನಾನು ಅವಳ ಪಕ್ಕ ಕೂತು, ಇವರಿಗೆ ಸರಿಯಾಗಿ ಕಂಡಿರಲಿಕ್ಕಿಲ್ಲ, ನಾಳೆ ನಾನೇ ಹೋಗಿ ಮತ್ತೆ ಕೇಳಿಸುತ್ತೇನೆ ಎಂದೆ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳಬಾರದು ಎಂದಳು. ಗೋಗರೆದೆ, ಬೈದೆ, ಕಾಲು ಹಿಡಿದೆ. ದೇವಿ ಬೇಡ ಎಂದಿದ್ದಾಳೆ, ಮುಗಿಯಿತು, ಇನ್ನು ಮಿರಜಿನ ಮಾತು ತೆಗೆಯಬೇಡ ಎಂದಳು. ಅತ್ತೆ ಯಾಕೆ ಹೋಗುವುದಿಲ್ಲವಂತೆ ಎಂದು ಇವರು ಕೇಳಿದಾಗ, ಕೌಲು ಕೇಳಿಸಿದ ಮೇಲೆ ಇನ್ನು ಅವ್ವ ಹೋಗುವುದಿಲ್ಲ ಎಂದಷ್ಟೇ ಹೇಳಿದೆ. ಎಡಭುಜದ್ದು ಬಿತ್ತೆಂದು ಸುದ್ದಿ ತಂದವರೇ ಇವರು, ಇವರಿಗೆ ನಾನು ಬಿಡಿಸಿ ಹೇಳುವುದೇನಿತ್ತು? ಇವರು ಅದನ್ನು ತಮ್ಮ ರೀತಿಯಲ್ಲಿ ತಿಳಿದುಕೊಂಡರು: ದೇವಿ ಹೂಂ ಎಂದಳು, ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ, ಡಾಕ್ಟರ ಕೆಲಸವೇನು ಎಂದು ಮುದುಕಿ ಹಟ ಹಿಡಿದಿದ್ದಾಳೆ. ಅವಳ ಪಕ್ಕ ಕೂತು ಗಡ್ಡೆ ಹೇಗೆ ಬೆಳೆಯುತ್ತದೆ ಎಂದು ಪಾಠವನ್ನೂ ಮಾಡಿದರು. ಅವ್ವ ಅಳಿಯನಿಗೆ ಎದುರು ಮಾತಾಡುವವಳಲ್ಲ. ಕೇಳಿ ತಲೆದೂಗಿದಳು.

ಜೋಳದ ಸುಗ್ಗಿಯ ಹೊತ್ತಿಗೆ ಅವ್ವ ಹೋದಳು. ಹಾಸಿಗೆ ಎತ್ತುವಾಗ ತಲೆದಿಂಬಿನ ಕೆಳಗೆ ಆ ಹೂ ಒಣಗಿ ಕಪ್ಪಾಗಿ ಬಿದ್ದಿತ್ತು.

ಮುಂದಿನ ವರ್ಷ ಅಥಣಿಯ ಒಂದು ಶಾಲೆಯಲ್ಲಿ ಇವರ ಕಾರ್ಯಕ್ರಮ. ನಾನು ಚಿಕ್ಕೋಡಿಯ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೆ, ಅಂದು ರಜೆ ಇತ್ತು, ಜೊತೆಗೆ ಹೋಗಿದ್ದೆ. ಕರ್ಪೂರ ಉರಿಸಿದ್ದಾಯಿತು, ಅರಿಸಿನದ ನೀರು ಕೆಂಪಾಗಿದ್ದಾಯಿತು. ಆಮೇಲೆ ಇವರು ಮೈಕು ಹತ್ತಿರ ಎಳೆದುಕೊಂಡು, ನಮ್ಮ ಅತ್ತೆಯ ಕಥೆ ಹೇಳುತ್ತೇನೆ ಎಂದರು.

ಹೇಳಿದ್ದು ಹೀಗೆ. ಅತ್ತೆ ಕೌಲು ಕೇಳಿಸು ಎಂದಳು. ನಾನು ರಾಯಬಾಗದ ತನಕವೂ ಹೋಗಲಿಲ್ಲ. ಗೆಳೆಯನ ಮನೆಯಲ್ಲಿ ಕೂತು ಕೇರಂ ಆಡಿದೆ. ಬರುವಾಗ ನಮ್ಮ ಶಾಲೆಯ ಕಂಪೌಂಡಿನಲ್ಲಿ ಒಂದು ಕಣಗಿಲ ಹೂ ಕಿತ್ತುಕೊಂಡು ಬಂದು, ದೇವಿ ಬಲಕ್ಕೆ ಕೊಟ್ಟಳು ಎಂದೆ. ಕೇರಂ ಎಂದಾಗ ಮಕ್ಕಳೆಲ್ಲ ನಕ್ಕರು. ನನ್ನ ಪಕ್ಕ ಕೂತಿದ್ದ ಟೀಚರು ಬಾಯಿಗೆ ಸೆರಗು ಹಚ್ಚಿ ನಕ್ಕಳು. ಇವರು ನಗು ನಿಲ್ಲಲಿ ಎಂದು ಕಾದು, ದನಿ ತಗ್ಗಿಸಿ ಮುಗಿಸಿದರು. ಆ ಹೂವನ್ನು ನಂಬಿ ಅತ್ತೆ ಆಪರೇಷನ್ ಬೇಡ ಎಂದಳು, ಸತ್ತಳು. ಮೂಢನಂಬಿಕೆ ಹೀಗೆ ಕೊಲ್ಲುತ್ತದೆ, ಮಕ್ಕಳೇ. ಚಪ್ಪಾಳೆ ಬಿತ್ತು.

ಇವರು ಗುಡಿಗೆ ಹೋಗಿಯೇ ಇರಲಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಅವಳನ್ನು ಕೊಂದದ್ದು ದೇವಿಯ ಮೇಲಿನ ನಂಬಿಕೆಯಲ್ಲ. ದೇವಿಯ ಎದುರು ಯಾರೂ ನಿಂತೇ ಇರಲಿಲ್ಲವಲ್ಲ. ಅವ್ವ ನಂಬಿದ್ದು ಮಾಸ್ತರನ್ನು. ಸುಳ್ಳು ಹೇಳಿದ್ದರೂ ಬರೀ ಬಲಕ್ಕೆ ಎಂದಿದ್ದರೆ ಅವಳು ಮರುದಿನವೇ ಮಿರಜಿಗೆ ಹೊರಡುತ್ತಿದ್ದಳು. ಸುಳ್ಳನ್ನೂ ಪೂರ್ತಿಯಾಗಿ, ಯಾರ ಬಲಗೈ ಎಂದು ಬಿಡಿಸಿ ಹೇಳಿದರಲ್ಲ, ಅದು ಅವಳನ್ನು ಕೊಂದಿತು.

ಅಂದೇ ಬಸ್ಸಿನಲ್ಲಿ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬಲ ಎಡ ಎಲ್ಲ ನಿಮ್ಮ ಓಣಿಯ ಹುಚ್ಚು, ನನ್ನದೇನು ತಪ್ಪು ಎನ್ನುತ್ತಿದ್ದರು. ಮುಂದಿನ ಭಾಷಣದಲ್ಲಿ ಇನ್ನೊಂದು ನಗು ಸೇರುತ್ತಿತ್ತು, ಅಷ್ಟೆ. ಬೇಡ, ಆ ಬಲ ಎಡ ಇವರಿಗೇ ಬೇಕಾಗುವ ದಿನ ಬರಲಿ ಎಂದು ನಾನು ಬಾಯಿ ಹೊಲಿದುಕೊಂಡೆ. ರೊಟ್ಟಿ ಬಡಿದೆ, ಶೇಂಗಾ ಚಟ್ನಿ ಕುಟ್ಟಿದೆ, ಯಾವುದರಲ್ಲೂ ಉಪ್ಪು ಹೆಚ್ಚುಕಡಿಮೆ ಮಾಡಲಿಲ್ಲ. ಇವರು ಅತ್ತೆಯ ಕಥೆಯನ್ನು ಊರೂರಿನಲ್ಲಿ ಹೇಳಿದರು. ಹೇಳುತ್ತ ಹೇಳುತ್ತ ಬೆಳೆಸಿದರು. ಕೊನೆಕೊನೆಗೆ ಅವ್ವನ ನರಳುವ ದನಿಯನ್ನೂ ತೆಗೆಯತೊಡಗಿದ್ದರು. ಒಮ್ಮೆ ನಿಪ್ಪಾಣಿಯಲ್ಲಿ ಅದನ್ನು ಕೇಳಿ ಹೊರಗೆ ಬಂದು ನಳದ ಕೆಳಗೆ ಮುಖ ತೊಳೆದುಕೊಂಡೆ. ಇಂಥ ಸಿಟ್ಟು ತಂಗಳಾಗುವುದಿಲ್ಲ, ನಾನು ಬಲ್ಲೆ.

ಆದ್ದರಿಂದಲೇ ಆ ದಿನ ಚಹಾ ಉಕ್ಕಿದ್ದು. ನೀವೇ ಬರ್ರಿ ಎಂದೆ. ಅಲ್ಲಿ ಯಾರಾದರೂ ಗುರುತು ಹಿಡಿದರೆ ಎಂದು ಹಿಂಜರಿದರು. ಆಯಿತು, ನಾನೇ ಹೋಗುತ್ತೇನೆ ಎಂದೆ. ಬಾಗಿಲವರೆಗೆ ಬಂದು, ಯಾರಿಗೂ ಹೇಳಬೇಡ ಎಂದರು.

ಬುಧವಾರ ಬೆಳಿಗ್ಗೆ ಹೊರಟೆ. ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲೇ ಇವರ ಆ ಶಾಲೆ. ಕಂಪೌಂಡಿನ ಕಣಗಿಲ ಗಿಡ ಈಗ ಮರದಷ್ಟು ಬೆಳೆದು ರಸ್ತೆಗೆ ಬಾಗಿದೆ, ಕೈ ಚಾಚಿದರೆ ಹೂ. ಕಾಲು ಒಂದು ಗಳಿಗೆ ನಿಂತದ್ದು ನಿಜ. ಒಂದು ಹೂ ಕಿತ್ತುಕೊಂಡು ಯಾರದಾದರೂ ಮನೆಯಲ್ಲಿ ಮಧ್ಯಾಹ್ನದ ತನಕ ಹರಟೆ ಹೊಡೆದು ಬಂದರೆ ಇವರಿಗೆ ತಕ್ಕ ಶಾಸ್ತಿಯಾಗುತ್ತಿತ್ತು. ಆದರೆ ಹಾಗೆ ಮಾಡಿದರೆ ನಾನೂ ಇವರೂ ಒಂದೇ ತಕ್ಕಡಿಗೆ ಬಂದಂತೆ. ನನಗೆ ಬೇಕಾದದ್ದು ಅದಕ್ಕಿಂತ ದೊಡ್ಡದು. ಮತ್ತು ಅದಕ್ಕೆ ಖರೆ ಹೂವೇ ಬೇಕಿತ್ತು.

ರಾಯಬಾಗದಲ್ಲಿ ಬಸ್ಸು ಬದಲಿಸಿದೆ. ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಹಾಡು ಹಚ್ಚಿಕೊಂಡು, ಯಾರಿಗೂ ಸೈಡು ಕೊಡದೆ. ಗುಡಿಯಲ್ಲಿ ಗದ್ದಲವಿರಲಿಲ್ಲ. ಗರ್ಭಗುಡಿಯಲ್ಲಿ ಈಗ ಟೇಬಲ್ ಫ್ಯಾನು ಬಂದಿದೆ, ದೇವಿಗೋ ಪೂಜಾರಿಗೋ ತಿಳಿಯದು. ಪೂಜಾರಿ ಫ್ಯಾನು ಆರಿಸಿ, ಹೂ ನೀರಲ್ಲಿ ಅದ್ದಿ ಎರಡೂ ಭುಜಕ್ಕೆ ಹಚ್ಚಿದ. ನಾನು ಕೇಳಿಕೊಂಡೆ: ಇವರು ಆಪರೇಷನ್ ಮಾಡಿಸಿಕೊಳ್ಳಲೋ, ಬೇಡವೋ. ದೇವಿ ಖರೆಯೇ ಹೂ ಬೀಳಿಸುತ್ತಾಳೆಯೇ ಎಂದು ನನಗೂ ಗೊತ್ತಿಲ್ಲ. ಒದ್ದೆ ಹೂ ಆರಿದರೆ ತಾನಾಗಿ ಬೀಳುತ್ತದೆ ಎನ್ನುವಷ್ಟು ವಿಜ್ಞಾನ ಇವರ ಜೊತೆ ಬಾಳಿ ನನಗೂ ಬಂದಿದೆ. ಆದರೆ ಅಲ್ಲಿ ನಿಂತಾಗ ಹೂವಿನಿಂದ ಕಣ್ಣು ಕೀಳಲಾಗಲಿಲ್ಲ. ಯಾವುದು ಬೀಳಲಿ ಎಂದು ಬಯಸುತ್ತಿದ್ದೇನೆ ಎಂಬುದು ನನಗೇ ತಿಳಿಯಲಿಲ್ಲ. ಕಾಲು ನೋಯುವಷ್ಟು ಹೊತ್ತು ಕಾಯಿಸಿ ಹೂ ಬಿತ್ತು. ದೇವಿಯ ಬಲಭುಜದ್ದು. ಮಾಡಿಸಿಕೊಳ್ಳಲಿ ಎಂದಳು. ಪೂಜಾರಿ ಅದನ್ನು ನನ್ನ ಕೈಗೆ ಕೊಟ್ಟ. ಅದೂ ಕೆಂಪು ಕಣಗಿಲೆಯೇ.

ಸಂಜೆ ಮನೆ ಮುಟ್ಟಿದಾಗ ಇವರು ಕಟ್ಟೆಯ ಮೇಲೆ ಕೂತಿದ್ದರು. ಮಧ್ಯಾಹ್ನ ಉಂಡಿರಲಿಲ್ಲ, ಮುಚ್ಚಿಟ್ಟ ರೊಟ್ಟಿ ಹಾಗೇ ಇತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಕೈ ಚಾಚಿದರು. ಹೂವನ್ನು ಅಂಗೈಯಲ್ಲಿಟ್ಟೆ. ಯಾವ ಕಡೆ ಬಿತ್ತು ಎಂದು ಕೇಳಿದರು. ದನಿ ಅವ್ವನ ದನಿಯಂತೆಯೇ ಇತ್ತು, ಈ ಸಲ ಅಣಕವಾಗಿರಲಿಲ್ಲ.

"ಎಡಕ್ಕ ಬಿತ್ರಿ," ಎಂದೆ. "ನಾ ಎದರಿಗೆ ನಿಂತಿದ್ನೆಲ್ಲ, ನನ್ನ ಎಡಗೈ ಕಡೆ. ಕಣ್ಣಾರೆ ನೋಡೀನಿ."

ಒಂದಕ್ಷರ ಸುಳ್ಳಿರಲಿಲ್ಲ. ಇವರು ಹೂವಿನ ಮೇಲೆ ಬೆರಳು ಮಡಚಿದರು. ಆಯಿತು ಬಿಡು ಎಂದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಗೋಡೆಗೆ ಹೊರಳುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ ಎಂದು ಬಾಗಿಲಲ್ಲಿ ನಿಂತು ನೋಡಿದೆ. ಕರುಳು ಚುರ್ ಎನ್ನಬಹುದು ಎಂದುಕೊಂಡಿದ್ದೆ, ಎನ್ನಲಿಲ್ಲ. ನಾನು ಹೊಟ್ಟೆ ತುಂಬ ಉಂಡೆ.

ಗುರುವಾರ ಬೆಳಿಗ್ಗೆ ಇವರು ಮಿರಜಿಗೆ ಫೋನ್ ಮಾಡಲು ಕೂತರು. ಆಪರೇಷನ್ ಬೇಡ, ಗುಳಿಗೆಯ ಮೇಲೆಯೇ ಇರುತ್ತೇನೆ ಎಂದು ಹೇಳಿಬಿಡುತ್ತೇನೆ ಎಂದರು. ದೇವಿ ಬೇಡ ಎಂದಳೆಂದೇ ಎಂದು ಕೇಳಿದೆ. ಹಾಗೇನಿಲ್ಲ, ಬೆಳಗಾವಿಯವರು ಹೇಳಿದ್ದೂ ಸರಿಯಿದೆ ಎಂದರು. ನಂಬರು ಒತ್ತುವ ಮೊದಲು ಹೇಳಿದೆ.

"ಬಲ ಅಂದ್ರ ದೇವಿ ಬಲರಿ. ಎದರಿಗೆ ನಿಂತವರಿಗೆ ಅದು ಎಡ. ಆಕಿ ಮಾಡಸ್ಕೋ ಅಂದಾಳ."

ಇವರಿಗೆ ಹೋದ ಜೀವ ಬಂದಂತಾಯಿತು. ನಕ್ಕರು, ನಿನ್ನೆಯೇ ಹೇಳಬಾರದಿತ್ತೇ ಎಂದು ಬೈದರು, ಎದ್ದು ನಿಂತರು. ಮಾಸ್ತರಲ್ಲವೇ, ಕೂಡಲೇ ಕ್ಲಾಸು ಶುರುವಾಯಿತು. ನನ್ನನ್ನು ಎದುರು ನಿಲ್ಲಿಸಿ ಎರಡೂ ಕೈ ಎತ್ತಿ ತಮಗೆ ತಾವೇ ಬಿಡಿಸಿ ಹೇಳಿಕೊಂಡರು. ಎದುರುಬದುರು ನಿಂತಾಗ ಅವಳ ಬಲ ನನ್ನ ಎಡ. ಎಡಗೈ ಅಲ್ಲಾಡಿಸಿದರು. ಅಂದರೆ ಅವಳ ಎಡ, ನನ್ನ... ಬಲಗೈ ಮೇಲೆದ್ದಿತ್ತು. ಅಲ್ಲೇ ನಿಂತಿತು.

ಇವರು ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ತುಂಬ ಹೊತ್ತಿನ ಮೇಲೆ ಕೈ ಕೆಳಗಿಳಿಯಿತು.

"ನಿಮ್ಮವ್ವಗ ಇದು ಗೊತ್ತಿತ್ತೇನ?"

"ಗೊತ್ತಿತ್ರಿ. ನಿಮ್ಮ ಬಲಗೈ ಕಡೆ ಅಂದ್ರಿ. ಬ್ಯಾಡ ಅಂದಾಳಂತ ತಿಳಕೊಂಡು ಮಿರಜಿ ಬಿಟ್ಲು."

ಇವರು ಕುರ್ಚಿಗೆ ಕುಸಿದರು. ಆಮೇಲೆ, ಹಳೆಯ ರೂಢಿ, ವಾದ ಎತ್ತಲು ನೋಡಿದರು. ಕಲ್ಲಿಗೆ ಬಲವೇನು ಎಡವೇನು, ಇದೆಲ್ಲ ಸುಳ್ಳು, ಖೊಟ್ಟಿ ಎಂದು ಶುರುಮಾಡಿದರು. ನಾನು ಇಷ್ಟು ವರ್ಷ ಕಾದಿದ್ದು ಈ ಮಾತಿಗೇ.

"ಖೊಟ್ಟಿ ಅಂದ್ರ ನಿಮ್ಮ ಹೂವೂ ಖೊಟ್ಟಿರಿ. ಮಿರಜಿಗೆ ಏನ್ ಹೇಳ್ತೀರಿ, ಹೇಳ್ರಿ."

ಇವರು ಅಂಗಿಯ ಜೇಬಿನಿಂದ ಹೂ ತೆಗೆದು ನೋಡಿಕೊಂಡರು, ರಾತ್ರಿಯೆಲ್ಲ ಮುಷ್ಟಿಯಲ್ಲಿ ಹಿಡಿದಿದ್ದು ಜಜ್ಜಿಹೋಗಿತ್ತು. ಅದು ಖರೆ ಎಂದರೆ ನನ್ನ ಅವ್ವನ ಸಾವು ಇವರ ತಲೆಗೆ. ಸುಳ್ಳು ಎಂದರೆ ಇವರು ಮತ್ತೆ ಒಂಟಿ, ಇಬ್ಬರು ಡಾಕ್ಟರ ನಡುವೆ. ನಾನು ಎದ್ದು ಹೋಗಲಿಲ್ಲ, ಎದುರಿಗೇ ಕೂತೆ. ಕಡೆಗೆ ಮಿರಜಿನವರೇ ಫೋನ್ ಮಾಡಿದರು. ಇವರು ಕಿವಿಗೆ ಹಚ್ಚಿಕೊಂಡು, ನನ್ನ ಕಡೆ ನೋಡದೆ, ಬರುತ್ತೇವೆ ಎಂದರು.

ಆಪರೇಷನ್ ಆಯಿತು. ಈಗ ಆರಾಮಾಗಿದ್ದಾರೆ, ದಿನಾ ಸಂಜೆ ನಡೆಯುತ್ತಾರೆ. ಶಾಲೆಯ ದಾರಿ ಬಿಟ್ಟು ಸುತ್ತು ಹಾಕಿ ನಡೆಯುತ್ತಾರೆ. ಮೊನ್ನೆ ಕಾಗವಾಡದ ಕಡೆಯ ಶಾಲೆಯವರು ಫೋನ್ ಮಾಡಿ, ಕಾರ್ಯಕ್ರಮಕ್ಕೆ ಬರಬೇಕು, ನಿಮ್ಮ ಅತ್ತೆಯವರ ಕಥೆ ಹೇಳಲೇಬೇಕು ಸರ್ ಎಂದರು. ಸ್ಪೀಕರ್ ಹಚ್ಚಿದ್ದರಿಂದ ನನಗೂ ಕೇಳಿತು. ಇವರು ನನ್ನ ಮುಖ ನೋಡಿದರು. ಬರುತ್ತಾರೆಂದು ನಾನೇ ಹೇಳಿದೆ, ಫೋನ್ ಇಟ್ಟ ಮೇಲೆ ಇವರಿಗೂ ಹೇಳಿದೆ: ಹೋಗ್ರಿ, ಕಥೆ ಹೇಳ್ರಿ, ಈ ಸಲ ಪೂರ್ತಿ ಹೇಳ್ರಿ, ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಇವರು ಇನ್ನೂ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ನಾನು ಅಂದು ಉಡಲೆಂದು ಅವ್ವನ ಇಳಕಲ್ ಸೀರೆಯನ್ನು ಇಸ್ತ್ರಿ ಮಾಡಿಸಿ ಇಟ್ಟಿದ್ದೇನೆ.